ಎಡಸೊಂಟದ ಒಂದೂವರೆ ಇಂಚು

ನಮ್ಮೂರಲ್ಲಿ ಯಾರಾದರೂ ಸತ್ತರೆ ಹನ್ನೊಂದನೆಯ ದಿನ, ತಿಥಿಯ ಊಟ ಮುಗಿದು ಎಲೆ ಎತ್ತಿದ ಮೇಲೆ, ದರ್ಜಿಯನ್ನು ಕರೆಸುತ್ತಾರೆ. ನಲವತ್ತು ವರ್ಷದಿಂದ ಆ ದರ್ಜಿ ನಾನೇ. ದೇವೀರಮ್ಮ ಅಂದರೆ ಸಾಕು, ಬಸ್‌ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕದ ನೀಲಿ ಬಾಗಿಲಿನ ಅಂಗಡಿಯನ್ನು ಯಾರು ಬೇಕಾದರೂ ತೋರಿಸುತ್ತಾರೆ. ಸಾವಿನ ಮನೆಗೆ ಹೋಗುವಾಗ ಟೇಪು, ಅಳತೆ ಪುಸ್ತಕ ಎರಡನ್ನೂ ಒಯ್ಯುತ್ತೇನೆ. ಊರಿನವರೆಲ್ಲರ ಎದೆ, ಸೊಂಟ, ತೋಳು, ಕುತ್ತಿಗೆ ಆ ಪುಸ್ತಕದಲ್ಲಿದೆ. ಮನೆಯವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಅಳೆದು ಹಳೆಯದಕ್ಕೆ ಹೋಲಿಸುತ್ತೇನೆ. ತಕ್ಕಡಿಗೆ ಹತ್ತಿಸಿದರೆ ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಿರುವುದಿಲ್ಲ. ಆದರೆ ಯಾರಿಗಾದರೂ ಎಲ್ಲಾದರೂ ಒಂದು ಕಡೆ ಟೇಪು ಇಂಚೋ ಒಂದೂವರೆ ಇಂಚೋ ಮುಂದೆ ಹೋಗಿರುತ್ತದೆ. ಸತ್ತವರು ಅಲ್ಲಿ ಒಂದು ಹಿಡಿ ಬೊಜ್ಜಾಗಿ ಬಂದು ಕೂತಿರುತ್ತಾರೆ. “ಇಲ್ಲೇ ಅವ್ರೆ ನೋಡ್ರಪ್ಪ” ಅನ್ನುತ್ತೇನೆ. ಮನೆಯವರು ಕೈಮುಗಿಯುತ್ತಾರೆ, ನನಗೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಾರೆ.

ಅದು ಕರಗುವ ಬೊಜ್ಜಲ್ಲ. ಉಪವಾಸಕ್ಕೂ ಬಗ್ಗುವುದಿಲ್ಲ, ಓಟಕ್ಕೂ ಜಗ್ಗುವುದಿಲ್ಲ. ನಮ್ಮ ಡ್ರಿಲ್ ಮೇಷ್ಟ್ರು ಕಡ್ಡಿಯಂಥ ಆಳು, ಅವರಪ್ಪ ಮಾತ್ರ ಗಲ್ಲದ ಕೆಳಗೆ ಜೋಲುತ್ತಾರೆ. ಕ್ಷೌರದವನು ಅಲ್ಲಿಗೆ ಬಂದಾಗ ಕತ್ತಿಯನ್ನು ಹಗುರ ಮಾಡುತ್ತಾನೆ. ಅಜ್ಜಿಯನ್ನು ತೋಳಿನ ಮೇಲೆ ಇಟ್ಟುಕೊಂಡ ಮದುವಣಗಿತ್ತಿಯರಿಗೆ ನಾನು ಒಂದು ತೋಳು ಬಿಗಿ, ಒಂದು ತೋಳು ಸಡಿಲ ಹೊಲಿದು ಕೊಟ್ಟಿದ್ದೇನೆ. ಬದುಕಿದ್ದಾಗ ಹೇಗೆ ಕರೆಯುತ್ತಿದ್ದರೋ ಹಾಗೆಯೇ ಕೈಯಿಟ್ಟು ಕರೆದರೆ ಆ ಜಾಗ ಬೆಚ್ಚಗಾಗುತ್ತದೆ. ಅಷ್ಟೇ, ಮಾತು ಗೀತು ಏನೂ ಇಲ್ಲ. ಒಮ್ಮೆ ಹೊರಗಿನಿಂದ ಒಬ್ಬ ಜಿಮ್ ತೆರೆದ. ಎಂಟು ತಿಂಗಳು ಇದ್ದ. “ಎಲ್ಲ ಇಳಿಯುತ್ತೆ ಕಣ್ರೀ, ಅದೊಂದು ಇಳಿಯಲ್ಲ” ಅಂತ ತಲೆ ಚಚ್ಚಿಕೊಂಡು ಗಂಟುಮೂಟೆ ಕಟ್ಟಿದ.

ಇನ್ನು ನನ್ನ ತಪ್ಪಿನ ಕಥೆ. ನನ್ನ ಟೇಪು ತಪ್ಪಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪಿದ್ದು ನನ್ನ ನಾಲಿಗೆ.

ನಿಂಗಾಜಮ್ಮ ನನ್ನ ಗೆಳತಿ. ಮೂವತ್ತೆಂಟು ವರ್ಷ ದಿನಾ ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಎಲೆ ಮಡಿಸಿ, ಊರಿನವರನ್ನೆಲ್ಲ ಬೈದು, ಮೂರೂವರೆಗೆ ಎದ್ದು ಹೋಗುತ್ತಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ ಅಂತ ನಾನು ಹೇಳಿದರೆ ಅವಳ ಸೊಸೆ ವನಜಾಕ್ಷಿ ಒಪ್ಪುವುದಿಲ್ಲ. ಬೆಣ್ಣೆಯ ಭಾಗ ಅವಳಿಗೆ ಸಿಕ್ಕಿರಲೇ ಇಲ್ಲ. ವನಜ ದೂರದ ಊರಿಂದ ಬಂದ ಹುಡುಗಿ, ನಮ್ಮ ಪದ್ಧತಿಗಳು ಹೊಸತು. ಅತ್ತೆ ಸೊಸೆ ಇಬ್ಬರೂ ಹಾವು ಮುಂಗುಸಿ. ಸೊಸೆ ಹತ್ತು ಸಲ “ಅತ್ತೆ” ಅಂದರೂ ಇವಳು ಒಮ್ಮೆಯೂ “ಓ” ಅನ್ನುತ್ತಿರಲಿಲ್ಲ, ಬೇಕೆಂದೇ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ನಿಂಗಾಜಮ್ಮ ಕಾಫಿ ಲೋಟ ಹಿಡಿದವಳು ಹಿಡಿದ ಹಾಗೇ ಹೋದಳು. ವನಜ ಆಗ ನಾಲ್ಕು ತಿಂಗಳ ಬಸುರಿ. ಮೂರನೆಯ ದಿನ, ಮನೆ ತುಂಬ ನೆಂಟರು ಇರುವಾಗಲೇ, ಅವಳಿಗೆ ಹೊಟ್ಟೆ ನೋವು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಸಿರು ನಿಲ್ಲಲಿಲ್ಲ. ಒಂಬತ್ತನೆಯ ದಿನ ಮನೆಗೆ ಬಂದು ಮೂಲೆಯಲ್ಲಿ ಮಲಗಿದಳು. ಸಾವಿನ ಮನೆಯ ಗಲಾಟೆ, ಅಡುಗೆ ಭಟ್ಟರು, ಪೆಂಡಾಲು, ಇದರ ನಡುವೆ ಆ ಹುಡುಗಿಯನ್ನು ಕೇಳಿದವರು ಯಾರು? “ಇನ್ನೂ ವಯಸ್ಸದೆ ಬಿಡವ್ವ, ಇನ್ನೊಂದಾಯ್ತದೆ” ಅಂತ ಹೋಗಿ ಬಂದು ಎಲ್ಲರೂ ಅಂದರು. ನಾನೂ ಅಂದೆ.

ಹನ್ನೊಂದನೆಯ ದಿನ ಅಳೆದೆ. ಮಗ ಶಿವನಂಜುವಿನಲ್ಲಿ ಏನೂ ಇಲ್ಲ. ಹಾಸನದ ಕಡೆಯಿಂದ ಬಂದಿದ್ದ ಮಗಳಲ್ಲೂ ಇಲ್ಲ. ಮೈದುನ, ನಾದಿನಿ, ಮೊಮ್ಮಕ್ಕಳು, ಯಾರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕೊನೆಗೆ ವನಜಳನ್ನು ಎಬ್ಬಿಸಿ ನಿಲ್ಲಿಸಿದೆ. ಬಸಿರಿನ ಉಬ್ಬು ಆಗಲೇ ಇಳಿದಿತ್ತು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಎಡಸೊಂಟದ ಮೇಲೆ ಮಾತ್ರ ಮೆತ್ತಗೆ ಒಂದು ಹಿಡಿ. ಒಂದೂವರೆ ಇಂಚು. ನಾನು ಎಲ್ಲರಿಗೂ ಕೇಳುವ ಹಾಗೆ, “ಇನ್ನೆಲ್ಲಿಗೋದಾಳು! ಸೊಸೆ ಸೊಂಟದ ಮೇಲೇ ಹತ್ತಿ ಕೂತವ್ಳೆ” ಅಂದೆ. ಇಡೀ ಪೆಂಡಾಲು ನಕ್ಕಿತು. ಹನ್ನೊಂದು ದಿನದಲ್ಲಿ ಅದೇ ಮೊದಲ ನಗು. ನನಗೆ ಒಳಗೊಳಗೆ ಹೊಟ್ಟೆ ಉರಿದದ್ದೂ ಹೌದು. ಜೀವಮಾನವೆಲ್ಲ ಬೈದ ಹುಡುಗಿಯ ಹತ್ತಿರವೇ ಹೋಗಿ ಕೂತಳಲ್ಲ ಅಂತ. ವನಜ ಮಾತ್ರ ನಗಲಿಲ್ಲ. ಸೆರಗು ಹೊದ್ದು ಒಳಗೆ ಹೋದಳು.

ಆಮೇಲೆ ಎರಡು ವರ್ಷ ಅವಳು ಆ ಹಿಡಿ ಬೊಜ್ಜಿನ ಜೊತೆ ಯುದ್ಧ ಮಾಡಿದಳು. ಮೊದಲು ಡಾಕ್ಟರ ಹತ್ತಿರ ಹೋದಳು. ಅವರು ಗೋಡೆಯ ಮೇಲಿನ ಚಾರ್ಟು ತೋರಿಸಿ, ಐವತ್ನಾಲ್ಕು ಕೆಜಿ, ನಿಮ್ಮ ಎತ್ತರಕ್ಕೆ ಇದಕ್ಕಿಂತ ಸರಿಯಾದ ತೂಕ ಇಲ್ಲ, ಒಂದು ಜಾಗದ ಕೊಬ್ಬನ್ನು ಮಾತ್ರ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ, ನಿಶ್ಚಿಂತೆಯಿಂದ ಇರಿ ಅಂದರಂತೆ. ಇವಳು ನಿಶ್ಚಿಂತೆಯಿಂದ ಇದ್ದರೆ ತಾನೆ! ಬೆಳಗ್ಗೆ ಕೆರೆ ಏರಿಯ ಮೇಲೆ ಬಿರಬಿರನೆ ನಡೆದಳು. ಜೀರಿಗೆ ನೀರು ಕುಡಿದಳು. ಮುದ್ದೆ ಬಿಟ್ಟು ಸೌತೆಕಾಯಿ ಹೆಸರುಬೇಳೆ ತಿಂದಳು. ಎರಡು ಕೈಯಲ್ಲೂ ನೀರಿನ ಬಾಟಲಿ ಹಿಡಿದು ಎಡಕ್ಕೆ ನೂರು, ಬಲಕ್ಕೆ ನೂರು ಬಗ್ಗಿದಳು. ಕೆನ್ನೆ ಒಳಗೆ ಹೋಯಿತು, ಕತ್ತಿನ ಮೂಳೆ ಎದ್ದಿತು. ಅವಳ ಟಾಪುಗಳನ್ನು ಎದೆಯಲ್ಲಿ ಅರ್ಧ ಇಂಚು, ತೋಳಿನಲ್ಲಿ ಕಾಲಿಂಚು ಹಿಡಿದು ಹಿಡಿದು ನನಗೇ ಸಾಕಾಯಿತು. ಎಡಸೊಂಟದ ಹೊಲಿಗೆಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ.

“ನಾನು ತಿನ್ನದಿದ್ರೆ ನನ್ನ ಮೈ ಕರಗ್ತದೆ ದೊಡ್ಡಮ್ಮ, ಇವ್ರು ಕರಗಲ್ಲ” ಅನ್ನುತ್ತಿದ್ದಳು. ಗೆಳತಿಯ ಸೊಸೆ ಅಂತ ನನ್ನನ್ನು ದೊಡ್ಡಮ್ಮ ಅಂತಲೇ ಕರೆಯುವುದು. ಮಾತಾಡುತ್ತ ಆಡುತ್ತ ಅಲ್ಲಿಗೆ ಪಟ್ಟನೆ ಒಂದು ಏಟು ಕೊಡುತ್ತಿದ್ದಳು, ಇಲ್ಲ ಎರಡು ಬೆರಳಿನಲ್ಲಿ ಹಿಡಿದು ಹಿಂಡುತ್ತಿದ್ದಳು. “ಏಯ್ ಅತ್ತೆ, ಇಳೀರಿ ಕೆಳಗೆ!” ಅದು ಬೆಚ್ಚಗಾಗುತ್ತಿರಲಿಲ್ಲವಂತೆ. “ಬದುಕಿದ್ದಾಗ್ಲೂ ಓ ಅಂದೋರಲ್ಲ, ಈಗಂತಾರ?” ನಾನು ನಗುತ್ತಿದ್ದೆ. ನಿಂಗಾಜಮ್ಮನ ಹಟ ನನಗೆ ಗೊತ್ತಿಲ್ಲವೇ! ಆ ನಗುವನ್ನು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಈ ವರ್ಷ ಅವಳು ಎರಡು ಗಂಟೆ ಬಸ್ಸಿನಲ್ಲಿ ಕೂತು ದೊಡ್ಡ ಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋದಳು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಬೊಜ್ಜನ್ನು ಒಂದು ಬಟ್ಟಲಿನಂಥದರಲ್ಲಿ ಎಳೆದು ಹಿಡಿದು ಮುಕ್ಕಾಲು ಗಂಟೆ ಮಂಜಿನ ಹಾಗೆ ತಣ್ಣಗೆ ಮಾಡುತ್ತಾರಂತೆ. ಹೆಪ್ಪುಗಟ್ಟಿದ ಕೊಬ್ಬು ಆಮೇಲೆ ವಾರಗಟ್ಟಲೆ ತಾನಾಗಿಯೇ ಮೈಯಿಂದ ಹೋಗುತ್ತದಂತೆ. ಮೂರು ಸಲ ಮಾಡಿಸಬೇಕು. ನಮ್ಮೂರಿನವರು ಯಾರೂ ಅಂಥ ಕೆಲಸ ಮಾಡಿದ್ದಿಲ್ಲ. ಸುದ್ದಿ ಕೇಳಿ ಶಿವನಂಜು ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ನಮ್ಮಮ್ಮನ್ನ ಐಸಲ್ಲಿಡ್ತೀಯ ಅಂದನಂತೆ. “ನಿನ್ನ ಸೊಂಟಕ್ಕೆ ಬರ್ಸ್ಕೊ ಹಂಗಾದ್ರೆ” ಅಂದಳಂತೆ ಇವಳು.

ಎರಡನೆಯ ಸಲ ಮಾಡಿಸಿ ಐದು ವಾರಕ್ಕೆ, ಒಂದು ಸೋಮವಾರ ಮಧ್ಯಾಹ್ನ, ವನಜ ಕುಣಿಯುತ್ತ ಅಂಗಡಿಗೆ ಬಂದಳು. “ಅಳೀರಿ ದೊಡ್ಡಮ್ಮ, ಬೇಗ ಅಳೀರಿ.” ಅಳೆದೆ. ಒಂದೂವರೆ ಇಂಚು ಇದ್ದದ್ದು ಅರ್ಧ ಇಂಚಿಗೆ ಇಳಿದಿತ್ತು. ಕೈಗೆ ನಿಂಬೆಹಣ್ಣಿನಷ್ಟು ಸಿಕ್ಕಿತು, ಅಷ್ಟೇ. ಸುತ್ತಲಿನ ಚರ್ಮ ಬೆಚ್ಚಗಿದ್ದರೂ ಅದು ತಣ್ಣಗಿತ್ತು. ನನ್ನ ಗೆಳತಿ ಹೋಗುತ್ತಿದ್ದಾಳೆ ಅಂದುಕೊಂಡೆ.

“ಪಾಪ ಕಣಮ್ಮಿ” ಅಂದೆ.

“ಯಾರು ಪಾಪ? ಎರಡು ವರ್ಷ ಹೊತ್ತೋಳು ನಾನು. ಗುರುವಾರ ಇನ್ನೊಂದ್ಸಲ ಹೋಗ್ಬಂದ್ರೆ ಪೂರ್ತಿ ಕ್ಲೀನಂತೆ.” ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಹಾಗೇ ನನ್ನ ಹಿಂದೆ ಬಂದು, “ಇದೇನ್ ದೊಡ್ಡಮ್ಮ, ಊರಿಗೆಲ್ಲ ಹೊಲೀತೀರಿ, ನಿಮ್ಮ ರವಿಕೆ ಬೆನ್ನಲ್ಲಿ ಪಿಸಿದದೆ” ಅಂದಳು.

ಬಟ್ಟೆಯೇ ಲಡ್ಡು, ಗಟ್ಟಿಯಿಲ್ಲ ಅಂದೆ. ಎರಡು ವರ್ಷದಿಂದ ನನ್ನ ರವಿಕೆಗಳೆಲ್ಲ ಅಲ್ಲೇ, ಹೊಲಿಗೆಯ ಪಕ್ಕ ಬಿಗಿದು, ಪಿಸಿಯುತ್ತಿದ್ದವು. ನಾನು ಬಟ್ಟೆ ಅಂಗಡಿಯವನನ್ನು ಬೈಯುತ್ತಿದ್ದೆ, ವಯಸ್ಸನ್ನು ಬೈಯುತ್ತಿದ್ದೆ. ನನ್ನ ಅಳತೆ ನಾನು ತೆಗೆದುಕೊಳ್ಳುವುದಿಲ್ಲ. ಹಳೆಯ ರವಿಕೆಯೊಂದನ್ನು ಹಾಸಿ ಅದರ ಮೇಲೇ ಕತ್ತರಿಸುತ್ತೇನೆ. ಹನ್ನೊಂದನೆಯ ದಿನವೂ ಅಷ್ಟೇ. ಟೇಪು ಹಿಡಿದವಳನ್ನು ಅಳೆಯುವ ಪದ್ಧತಿ ನಮ್ಮಲ್ಲಿಲ್ಲ.

“ಕೊಡಿ ಇಲ್ಲಿ” ಅಂತ ಅವಳು ನನ್ನ ಕೊರಳಿನಿಂದ ಟೇಪು ಎಳೆದುಕೊಂಡು ನನ್ನ ಎದೆಯ ಸುತ್ತ ಹಿಡಿದಳು. “ಮೂವತ್ತೆಂಟೂವರೆ.”

“ಸರಿಯಾಗಿ ಹಿಡಿಯಮ್ಮಿ. ನಂದು ಮೂವತ್ತೇಳು, ಮೊದಲಿಂದ್ಲೂ.”

“ಮೂವತ್ತೆಂಟೂವರೆ ದೊಡ್ಡಮ್ಮ. ಇಗಳಿ, ಬಲಗಡೆ ಬೆನ್ನ ಪಕ್ಕೇಲಿ ಒಂದು ಹಿಡಿ ಅದೆ.” ಅಂಗೈಯಿಟ್ಟು ಒತ್ತಿ ನಕ್ಕಳು. “ನಮ್ಮತ್ತೆ ತರ ನಿಮ್ಗೂ ಯಾರೋ ಗಂಟುಬಿದ್ದವ್ರೆ, ನೋಡಿ.” ಅಂದವಳೇ ಕೈಯನ್ನು ಸರಕ್ಕನೆ ತೆಗೆದಳು. “ಅಯ್ಯೋ, ಸುಡ್ತಾ ಅದಲ್ಲ! ಜ್ವರ ಬಂದದಾ?”

“ಸೆಖೆ” ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು. ಅವಳು ಹೊಲಿಗೆಗೆ ತಂದಿದ್ದ ಟಾಪುಗಳನ್ನು ಮೇಜಿನ ಮೇಲಿಟ್ಟು, ಹುಷಾರು ದೊಡ್ಡಮ್ಮ ಅಂತ ಹೇಳಿ ಹೋದಳು.

ನನ್ನದು ಒಂಟಿ ಬಾಳು. ಕಟ್ಟಿಕೊಂಡವನು ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿ ಮೂವತ್ತು ವರ್ಷ. ಸತ್ತರೂ ನನ್ನ ಮೈಮೇಲೆ ಬಂದು ಕೂರುವ ಮುಖ ಅವನಿಗಿಲ್ಲ. ಅಂಗಡಿಯ ಬಾಗಿಲು ಮುಚ್ಚಿ, ಕೈಯನ್ನು ಹಿಂದಕ್ಕೆ ತಿರುಚಿ ಆ ಜಾಗದ ಮೇಲಿಟ್ಟೆ. “ನಿಂಗೀ” ಅಂದೆ. ನಾನೊಬ್ಬಳೇ ಅವಳನ್ನು ಹಾಗೆ ಕರೆಯುತ್ತಿದ್ದದ್ದು. ಚಹಾ ಲೋಟ ಹಿಡಿದ ಹಾಗೆ ಅಂಗೈ ಬಿಸಿಯಾಯಿತು. ಎರಡು ವರ್ಷದಿಂದ ನನ್ನ ಬೆನ್ನಿಗೇ ಕೂತಿದ್ದಳು ಮುಂಡೇದು, ನಾನು ಒಂದು ಮಾತೂ ಆಡಿಸಿರಲಿಲ್ಲ. ಗೋಳೋ ಅಂತ ಅತ್ತೆ. ಸಂತೋಷಕ್ಕೇ ಅತ್ತೆ.

ಅಳು ನಿಂತ ಮೇಲೆ ತಲೆಗೆ ಹೊಳೆಯಿತು. ನಿಂಗಿ ಇಲ್ಲಿದ್ದರೆ, ಆ ಹುಡುಗಿಯ ಎಡಸೊಂಟದ ಮೇಲೆ ಇರುವುದು ಯಾರು? ಆ ಹನ್ನೊಂದು ದಿನದಲ್ಲಿ ಆ ಮನೆಯಿಂದ ಹೋದದ್ದು ಒಂದು ಜೀವವಲ್ಲ, ಎರಡು. ಎರಡನೆಯದಕ್ಕೆ ಯಾರೂ ಎಲೆ ಹಾಕಲಿಲ್ಲ, ದರ್ಜಿಯನ್ನು ಕರೆಸಲಿಲ್ಲ. ಅಳತೆ ಪುಸ್ತಕ ತೆರೆದು ಆ ಒಂದೂವರೆ ಇಂಚನ್ನು ಮತ್ತೆ ನೋಡಿದೆ.

ಸೋಮವಾರ ಸುಮ್ಮನಿದ್ದೆ. ಮಂಗಳವಾರವೂ ಸುಮ್ಮನಿದ್ದೆ. ಹೇಳಿದರೆ ಆ ಹುಡುಗಿ ಬದುಕುತ್ತಾಳೆಯೇ? ಹೇಳದಿದ್ದರೆ ಗುರುವಾರ ಉಳಿದ ಅರ್ಧ ಇಂಚೂ ಹೋಗುತ್ತದೆ, ಅವಳು ನಗುನಗುತ್ತ ಇರುತ್ತಾಳೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಹೌದು, ಮರ್ಯಾದೆಯ ಯೋಚನೆಯೂ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕಣ್ಣು ಮುಚ್ಚಿದರೆ ನನ್ನ ಬೆರಳ ತುದಿಗೆ ಆ ನಿಂಬೆಹಣ್ಣಿನಷ್ಟು ತಣ್ಣಗಿನದೇ ಬರುತ್ತಿತ್ತು. ಬುಧವಾರ ಊಟದ ಹೊತ್ತಿಗೆ ಅವಳ ಮನೆಗೆ ಹೋದೆ. ಶಿವನಂಜು ಡೈರಿಗೆ ಹೋಗಿದ್ದ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು.

“ನಾಳೆ ಹೋಗ್ಬೇಡ ಕಣಮ್ಮಿ” ಅಂದೆ. “ಅಲ್ಲಿರೋದು ನಿಮ್ಮತ್ತೆಯಲ್ಲ. ಅವಳು ನನ್ನತ್ರ ಅವ್ಳೆ.”

ವನಜ ತಲೆ ಎತ್ತದೆ ನಕ್ಕಳು. “ಗೆಳತಿ ಪರವಾಗಿ ವಕೀಲಿಕೆಗೆ ಬಂದ್ರಾ? ಅವ್ರನ್ನ ಉಳಿಸ್ಕೊಳಕ್ಕೆ ಏನೇನ್ ಕಥೆ ಕಟ್ತೀರಿ ದೊಡ್ಡಮ್ಮ!”

ನಾನು ಮಾತು ಬೆಳೆಸಲಿಲ್ಲ. ಅವಳಿಗೆ ಬೆನ್ನು ತಿರುಗಿಸಿ ಕೂತು, ಸೆರಗು ಸರಿಸಿ, ಅವಳ ಕೈಯನ್ನು ಹಿಡಿದು ಅಲ್ಲಿಟ್ಟುಕೊಂಡೆ. “ಕರಿ. ಮನೇಲಿ ಹೆಂಗೆ ಕರೀತಿದ್ಯೊ ಹಂಗೇ ಕರಿ.”

“ಅತ್ತೆ” ಅಂದಳು, ಬೇಕಾಬಿಟ್ಟಿಯಾಗಿ. ಅಂಗೈಯನ್ನು ಇನ್ನಷ್ಟು ಒತ್ತಿದಳು. ಮತ್ತೆ “ಅತ್ತೆ?” ಅಂದಳು. ಈ ಸಲ ದನಿ ಬದಲಾಗಿತ್ತು. ನನ್ನ ಬೆನ್ನು ಕಾವಲಿಯ ಹಾಗೆ ಕಾದಿತ್ತು. ಬದುಕಿರುವಾಗ ಒಮ್ಮೆಯೂ ಓಗೊಡದ ಹೆಂಗಸು ಆ ಹುಡುಗಿಯ ಕೈಯೊಳಗೆ ಈಗ ಓಗೊಡುತ್ತಿದ್ದಳು. ವನಜ ಕೈ ತೆಗೆದಳು. ಅವರೆಕಾಳಿನ ಮೊರ ಪಕ್ಕಕ್ಕೆ ಸರಿಸಿದಳು.

“ಹಂಗಾದ್ರೆ ನನ್ನತ್ರ ಇರೋದು?”

“ನಿನ್ನ ಕೂಸು ಕಣಮ್ಮಿ” ಅಂದೆ. “ತಪ್ಪು ನಂದು. ಅಳತೆ ನೋಡ್ದೆ, ನಿನ್ನ ನೋಡ್ಲಿಲ್ಲ.”

ಅವಳು ಕಿರುಚುತ್ತಾಳೆ, ನನ್ನನ್ನು ಹೊರಗೆ ದಬ್ಬುತ್ತಾಳೆ ಅಂತ ಕಾದೆ. ಏನೂ ಮಾಡಲಿಲ್ಲ. ತೀರ ಸಣ್ಣ ದನಿಯಲ್ಲಿ, “ಪಕ್ಕದ ಮನೆ ಮಗು ಅತ್ತಾಗ ಬಿಸಿಯಾಗ್ತಿತ್ತು ದೊಡ್ಡಮ್ಮ” ಅಂದಳು. “ಅತ್ತೆಗೆ ಮಕ್ಕಳಂದ್ರೆ ಆಸೆ, ಅದಕ್ಕೇ ಅಂದ್ಕೊಂಡಿದ್ದೆ. ಅದು ಬಿಸಿಯಾದಾಗ್ಲೇ ನಾನು ಜಾಸ್ತಿ ಹಿಂಡ್ತಿದ್ದೆ.” “ಎರಡು ಸಲ ಅಷ್ಟು ತಣ್ಣಗಿರೋದ್ರಲ್ಲಿ ಇಟ್ಟೆ. ಮುಕ್ಕಾಲು ಮುಕ್ಕಾಲು ಗಂಟೆ. ಮೊಬೈಲ್ ನೋಡ್ಕೊಂಡು ಮಲಗಿದ್ದೆ” ಅಂದಳು.

ಇನ್ನೂ ಅರ್ಧ ಇಂಚು ಅದೆ, ಪೂರ್ತಿ ಹೋಗಿಲ್ಲ, ಕರೆದು ನೋಡು ಅಂದೆ.

“ಏನಂತ ಕರೀಲಿ? ಹೆಸರೇ ಇಟ್ಟಿಲ್ವಲ್ಲ.”

ಟಾಪು ಮೇಲೆತ್ತಿ ಹಿಡಿದುಕೊಂಡಳು. ಅವಳ ಕೈಯನ್ನು ನಾನೇ ಹಿಡಿದು ಆ ಜಾಗಕ್ಕೆ ತಂದೆ. ನನ್ನ ಎರಡು ಬೆರಳೂ ಪಕ್ಕದಲ್ಲೇ ಇದ್ದವು. ಕರೆಯಲು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. ಕೊನೆಗೆ “ಪುಟ್ಟಾ” ಅಂದಳು. ನಲವತ್ತು ವರ್ಷದಲ್ಲಿ ಎಷ್ಟೋ ಮೈ ಮುಟ್ಟಿದ್ದೇನೆ, ಇದೊಂದನ್ನು ಎಂದೂ ಕಂಡಿರಲಿಲ್ಲ. ಅದು ಬೆಚ್ಚಗಾಗಲಿಲ್ಲ. ಅವಳ ಬೆರಳು ತಾಗಿದ ಕೂಡಲೇ ನಾಚಿಕೆಮುಳ್ಳಿನ ಹಾಗೆ ಮುದುಡಿ ಒಳಕ್ಕೆ ಸರಿಯಿತು. ಮತ್ತೆ ಕರೆದಳು, ಮತ್ತೆ ಸರಿಯಿತು. ಎರಡು ವರ್ಷ ಆ ದನಿಯ ಹಿಂದೆಯೇ ಏಟು ಬಂದಿತ್ತಲ್ಲ.

ವನಜ ಅಳಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹೊಡೆಯುವುದಿಲ್ಲ ಅಂತ ತೋರಿಸುವವಳ ಹಾಗೆ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. “ಅಮ್ಮನ ಕೈಯಲ್ಲ ಅಂದ್ಕೊಂಡದೆ” ಅಂದಳು. “ಇರ್ಲಿ. ಹೊತ್ತು ಬೇಕು.”

ಗುರುವಾರ ಅವಳು ಬಸ್ಸು ಹತ್ತಲಿಲ್ಲ. ಆದರೆ ಕ್ಲಿನಿಕ್ಕಿನವರು ಮೊದಲೇ ಹೇಳಿದ್ದರು, ಹಿಂದಿನ ಸಲದ್ದು ಇನ್ನೂ ಕೆಲವು ವಾರ ಕರಗುತ್ತಲೇ ಇರುತ್ತದೆ ಅಂತ. ಎಷ್ಟು ಉಳಿಯುತ್ತದೆ, ಉಳಿಯುತ್ತದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ತುಪ್ಪ ತಿಂದಳು, ಹಾಲು ಕುಡಿದಳು. ಕೆನ್ನೆ ತುಂಬಿತು, ತೋಳು ತುಂಬಿತು, ಅಲ್ಲಿಗೆ ಮಾತ್ರ ಒಂದು ತೊಟ್ಟೂ ಹೋಗಲಿಲ್ಲ. ಈಗ ದಿನಾ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಎಡಗೈಯನ್ನು ಸೊಂಟದಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಮುಟ್ಟದೆ, ಅಲುಗಾಡದೆ, ಬಾಯಲ್ಲಿ ಅದೂ ಇದೂ ಮಾತಾಡುತ್ತಾಳೆ. ಪೇಟೆಯಲ್ಲಿ ಮಾವಿನಕಾಯಿ ಬಂದದೆ, ಇವತ್ತು ಮೋಡ ಮುಚ್ಕೊಂಡದೆ, ಡೈರಿಯಿಂದ ನಿಮ್ಮಪ್ಪ ಬತ್ತಾರೆ. ನನ್ನ ಜೊತೆ ಅಲ್ಲ, ಅದರ ಜೊತೆ. ನಾನು ಮಿಷನ್ನು ನಿಲ್ಲಿಸುತ್ತೇನೆ. ಸದ್ದಿಗೆ ಬೆದರಬಾರದು ನೋಡಿ.

ನಿನ್ನೆ ಮಾತಿನ ನಡುವೆ ಥಟ್ಟನೆ ನಿಲ್ಲಿಸಿ ಉಸಿರು ಬಿಗಿಹಿಡಿದಳು. ನಾನು ಎದ್ದು ಟೇಪಿಗೆ ಕೈ ಹಾಕಿದೆ. ಅವಳು ಕಣ್ಣಲ್ಲೇ ಬೇಡ ಅಂದಳು.

“ಕೂತ್ಕೊಳಿ ದೊಡ್ಡಮ್ಮ” ಅಂದಳು ಪಿಸುದನಿಯಲ್ಲಿ. “ನನ್ನ ಕೈ ಕಡೆಗೆ ಬತ್ತಾ ಅದೆ.”